ಬುಟ್ಟಿಯನ್ನೇ ನೋಡಬೇಡಿ

ಪ್ರಶ್ನೆ: ಸರ್, ನಾನು ಸಕಲೇಶಪುರದ ಹತ್ತಿರ ಕಾಫಿ ತೋಟ ನೋಡಿಕೊಂಡಿರುವವನು. ವಯಸ್ಸು 41. ಚಿಕ್ಕಂದಿನಿಂದಲೂ ವಿಮಾನದ ಹುಚ್ಚು. ಹೋದ ವರ್ಷ ಡಿಸಿಎಸ್ ವರ್ಲ್ಡ್ ಎಂಬ ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಎಫ್/ಎ-18 ಹಾರ್ನೆಟ್ ಹಾರಿಸುವ ಒಂದು ವರ್ಚುವಲ್ ಫೈಟರ್ ಸ್ಕ್ವಾಡ್ರನ್ ಸೇರಿದೆ. ಸದಸ್ಯರಲ್ಲಿ ಹೆಚ್ಚಿನವರು ಜರ್ಮನಿ, ಹಾಲೆಂಡ್ ಕಡೆಯವರು. ಬುಧವಾರ ಮತ್ತು ಶನಿವಾರ ಅವರ ರಾತ್ರಿ 8 ಗಂಟೆಗೆ ತರಬೇತಿ. ಟೇಕಾಫ್, ರೇಡಿಯೊ, ಜೊತೆಜೊತೆಯಾಗಿ ಹಾರುವ ಫಾರ್ಮೇಷನ್, ಬಾಂಬ್ ದಾಳಿ ಎಲ್ಲ ಹಂತಗಳನ್ನೂ ದಾಟಿದೆ. ಆದರೆ ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವ ಪರೀಕ್ಷೆಯಲ್ಲಿ ನವೆಂಬರ್‌ನಿಂದ ಈಚೆಗೆ ಮೂರು ಸಲ ಸೋತೆ. ಇಂಧನ ಕೊಡುವ ಟ್ಯಾಂಕರ್ ವಿಮಾನದ ಕೊಳವೆಯ ತುದಿಯಲ್ಲಿರುವ ಬುಟ್ಟಿಯ ಹತ್ತಿರ ಹೋದೊಡನೆ ವಿಮಾನ ಮೇಲೆ ಕೆಳಗೆ ಕುಣಿಯುತ್ತದೆ. ಇದು ಪಾಸಾಗದೆ ದೊಡ್ಡ ಕಾರ್ಯಾಚರಣೆಗಳಿಗೆ ಸೇರಿಸಿಕೊಳ್ಳುವುದಿಲ್ಲ. ಒಬ್ಬರು ವಿಆರ್ ಹೆಡ್‌ಸೆಟ್ ಕೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ದುಬಾರಿ ಜಾಯ್‌ಸ್ಟಿಕ್ ಎನ್ನುತ್ತಾರೆ, ಮತ್ತೊಬ್ಬರು ಭಾರತದಿಂದ ಯುರೋಪಿಗೆ ಇರುವ ಇಂಟರ್‌ನೆಟ್ ವಿಳಂಬವೇ ಕಾರಣ ಎನ್ನುತ್ತಾರೆ. ಎಲ್ಲ ಸೇರಿದರೆ ಒಂದು ಲಕ್ಷ ರೂಪಾಯಿ ದಾಟುತ್ತದೆ. ಕುತ್ತಿಗೆ ನೋವು ಬೇರೆ ಶುರುವಾಗಿದೆ. ಕೊಳ್ಳಲೇ? ಅಥವಾ ಈ ವಯಸ್ಸಿನಲ್ಲಿ ನನ್ನ ಕೈಗೆ ಇದು ಹತ್ತುವುದೇ ಇಲ್ಲವೇ? ಇನ್ನೊಂದು ಮಾತು: ಪಿಯುಸಿ ಓದುತ್ತಿರುವ ಅಣ್ಣನ ಮಗಳು ನನ್ನ ಪಕ್ಕ ಕೂತು ನೋಡಿ ನೋಡಿ ವಾಯುಪಡೆ ಸೇರುತ್ತೇನೆ ಎನ್ನುತ್ತಿದ್ದಾಳೆ. ಸಿಮ್ಯುಲೇಟರ್ ಅವಳಿಗೆ ನೆರವಾದೀತೇ?

ಉತ್ತರ: ನೀವು ಕೇಳಿರುವುದು ಉಪಕರಣದ ಬಗ್ಗೆ. ಆದರೆ ಪತ್ರವನ್ನು ಎರಡನೇ ಸಲ ಓದಿದಾಗ ನನಗೆ ತಟ್ಟಿದ್ದು ‘ಹತ್ತುವುದೇ ಇಲ್ಲವೇ’ ಎಂಬ ಮಾತು. ಮೊದಲು ಅದಕ್ಕೆ ಉತ್ತರಿಸುತ್ತೇನೆ, ಏಕೆಂದರೆ ಈ ಅಳುಕು ಇರುವಷ್ಟು ದಿನ ಯಾವ ಉಪಕರಣ ಕೊಂಡರೂ ಪ್ರಯೋಜನವಿಲ್ಲ.

ನಮ್ಮ ವಾಯುಪಡೆಗೆ ಇಲ್ಯೂಶಿನ್-78 ಟ್ಯಾಂಕರ್ ವಿಮಾನಗಳು ಬಂದದ್ದು 2003ರಲ್ಲಿ. ನಾನು ಸಮವಸ್ತ್ರದಲ್ಲಿ ಕಳೆದ ಬಹುಪಾಲು ವರ್ಷಗಳಲ್ಲಿ ಆಕಾಶದಲ್ಲಿ ಇಂಧನ ತುಂಬಿಸಿಕೊಳ್ಳುವ ಪ್ರಶ್ನೆಯೇ ನಮಗಿರಲಿಲ್ಲ. 1963ರಲ್ಲಿ ಬಂದು 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾದ ಮಿಗ್-21 ಅಷ್ಟೂ ಕಾಲ ತನ್ನ ಹೊಟ್ಟೆಯಲ್ಲಿ ಹೊತ್ತೊಯ್ದ ಇಂಧನದಲ್ಲೇ ಹಾರಿತು. ಅದನ್ನು ಹಾರಿಸಿದವರನ್ನು ಯಾರೂ ಅರ್ಧ ಪೈಲಟ್ ಎನ್ನಲಿಲ್ಲ. ಇಂಧನ ತುಂಬಿಸಿಕೊಳ್ಳುವುದು ಒಂದು ಕುಶಲತೆ, ಅಷ್ಟೇ. ಅದು ನಿಮ್ಮ ಯೋಗ್ಯತೆಯ ಅಳತೆಗೋಲಲ್ಲ. 41ರ ವಯಸ್ಸೂ ಇದಕ್ಕೆ ಅಡ್ಡಿಯಲ್ಲ. ಈ ಕೆಲಸ ಬೇಡುವುದು ಮಿಂಚಿನ ಪ್ರತಿಕ್ರಿಯೆಯನ್ನಲ್ಲ, ಪ್ರತಿಕ್ರಿಯೆಯನ್ನು ಹದದಲ್ಲಿಡುವ ತಾಳ್ಮೆಯನ್ನು. ಹದಿನೆಂಟರ ಹುಡುಗರಿಗಿಂತ ನಲವತ್ತರವರು ಇದನ್ನು ಬೇಗ ಕಲಿತದ್ದನ್ನು ವರ್ಚುವಲ್ ತರಬೇತಿಯಲ್ಲಿ ನಾನೇ ಕಂಡಿದ್ದೇನೆ.

ಇನ್ನು ಆ ಕುಣಿತಕ್ಕೆ ಬರೋಣ. ನೀವು ಪತ್ರದ ಜೊತೆ ಕಳಿಸಿದ ಮೂರು ಟ್ಯಾಕ್‌ವ್ಯೂ ದಾಖಲೆಗಳನ್ನು, ಅಂದರೆ ಹಾರಾಟವನ್ನು ಮರಳಿ ತೋರಿಸುವ ದಾಖಲೆಗಳನ್ನು, ತೆರೆದು ನೋಡಿದೆ. ಮೂರರಲ್ಲೂ ಒಂದೇ ಕತೆ. ಟ್ಯಾಂಕರ್‌ನ ಹಿಂದೆ 50 ಮೀಟರ್ ದೂರದಲ್ಲಿ ನಿಮ್ಮ ವಿಮಾನ ಸ್ಥಿರವಾಗಿದೆ, ನಿಜಕ್ಕೂ ಚೆನ್ನಾಗಿದೆ. ಕೊನೆಯ 10 ಮೀಟರ್‌ನಲ್ಲಿ ನೀವು ಟ್ಯಾಂಕರ್‌ಗಿಂತ 11 ನಾಟ್ ಹೆಚ್ಚು ವೇಗದಲ್ಲಿ ಮುನ್ನುಗ್ಗುತ್ತೀರಿ. 11 ನಾಟ್ ಎಂದರೆ ಸೆಕೆಂಡಿಗೆ ಐದೂವರೆ ಮೀಟರ್‌ಗೂ ಹೆಚ್ಚು. ಆ 10 ಮೀಟರ್ ಕರಗಲು ಎರಡು ಸೆಕೆಂಡೂ ಬೇಡ. ಅಷ್ಟರಲ್ಲಿ ನೋಡಬೇಕು, ನಿರ್ಧರಿಸಬೇಕು, ತಿದ್ದಬೇಕು, ತಿದ್ದಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಯಾರಿಂದಲೂ ಆಗದು. ಅದೇ 3 ನಾಟ್ ವೇಗದಲ್ಲಿ ಹೋದರೆ ಆರೂವರೆ ಸೆಕೆಂಡು ಸಿಗುತ್ತದೆ. ನಡೆದು ಹೋಗುವವನ ವೇಗಕ್ಕಿಂತ ಕೊಂಚ ಹೆಚ್ಚು, ಅಷ್ಟೇ.

ಹಾಗಾದರೆ ಕೊನೆಯಲ್ಲಿ ಏಕೆ ನುಗ್ಗುತ್ತೀರಿ? ಏಕೆಂದರೆ ನೀವು ಬುಟ್ಟಿಯನ್ನೇ ನೋಡುತ್ತಿದ್ದೀರಿ. ಟ್ಯಾಂಕರ್‌ನ ಕೊಳವೆಯ ತುದಿಯಲ್ಲಿರುವ ಆ ಬುಟ್ಟಿ ಗಾಳಿಗೆ ತಾನೇ ಅತ್ತಿತ್ತ ಆಡುವ ವಸ್ತು. ಅದರ ಹಿಂದೆ ಹೋದರೆ ಅದರ ಆಟ ನಿಮ್ಮ ವಿಮಾನದ್ದೂ ಆಗುತ್ತದೆ. ನಿಮಗೆ ಶಿರಾಡಿ ಘಾಟಿಯ ರಸ್ತೆ ಹೊಸದಲ್ಲ. ಮಂಗಳೂರಿನಿಂದ ಮೇಲೆ ಬರುವ ಪೆಟ್ರೋಲ್ ಟ್ಯಾಂಕರ್ ಲಾರಿಯ ಹಿಂದೆ ಮಳೆಯಲ್ಲಿ ಜೀಪು ಓಡಿಸುವಾಗ ಏನನ್ನು ನೋಡುತ್ತೀರಿ? ಲಾರಿಯ ಹಿಂಬದಿಯಲ್ಲಿ ನೇತಾಡುವ ಸರಪಳಿಯನ್ನಲ್ಲ. ಇಡೀ ಲಾರಿಯನ್ನು, ಅದರ ಅಂಚು, ಅದರ ಮುಂದಿನ ತಿರುವನ್ನು ಒಟ್ಟಿಗೆ ನೋಡುತ್ತೀರಿ. ಅಂತರವನ್ನು ಲೆಕ್ಕ ಹಾಕುವುದಿಲ್ಲ. ಲಾರಿ ಕಣ್ಣಲ್ಲಿ ದೊಡ್ಡದಾಗುತ್ತಿದೆಯೋ ಚಿಕ್ಕದಾಗುತ್ತಿದೆಯೋ ಎಂದು ಕಾಲಿಗೇ ತಿಳಿಯುತ್ತದೆ. ಆಕಾಶದಲ್ಲೂ ಅದೇ. ಟ್ಯಾಂಕರ್‌ನ ರೆಕ್ಕೆಯ ಕೆಳಗೆ ಕೊಳವೆ ಹೊರಬರುವ ಪಾಡ್, ಅದರ ಹಿಂದೆ ಕಾಣುವ ರೆಕ್ಕೆಯಂಚು ಇವೆರಡು ನಿಮ್ಮ ಮುಂಗಾಜಿನ ಚೌಕಟ್ಟಿನಲ್ಲಿ ಎಲ್ಲಿ ಕೂರುತ್ತವೆ ಎಂಬುದನ್ನು ಒಮ್ಮೆ ಮನನ ಮಾಡಿಕೊಳ್ಳಿ. ಆ ಚಿತ್ರ ಕದಲದಂತೆ ಹಿಡಿದರೆ ಬುಟ್ಟಿ ಕಣ್ಣಂಚಿನಲ್ಲಿ ತಾನಾಗಿ ಬಂದು ನಿಮ್ಮ ವಿಮಾನದ ಇಂಧನ ಪಡೆಯುವ ನಳಿಕೆಗೆ, ಅಂದರೆ ಪ್ರೋಬ್‌ಗೆ ಸೇರುತ್ತದೆ.

ಎರಡನೆಯ ಕಾರಣ ದಾಖಲೆಯಲ್ಲಿ ಕಾಣುವುದಿಲ್ಲ, ಆದರೂ ಅದು ಇದೆ ಎಂದು ಖಾತ್ರಿಯಾಗಿ ಹೇಳಬಲ್ಲೆ. ನಿಮ್ಮ ಮುಷ್ಟಿ. ನಾನು ವರ್ಷಗಟ್ಟಲೆ ಎಚ್‌ಎಎಲ್‌ನ ಕಿರಣ್ ವಿಮಾನದಲ್ಲಿ ಬೋಧಕನಾಗಿದ್ದವನು. ಅದರಲ್ಲಿ ಬೋಧಕ, ಶಿಷ್ಯ ಅಕ್ಕಪಕ್ಕ ಕೂರುತ್ತಾರೆ. ಫಾರ್ಮೇಷನ್ ಕಲಿಸುವಾಗ ನಾನು ಮುಂದಿನ ವಿಮಾನವನ್ನು ನೋಡುತ್ತಿದ್ದುದಕ್ಕಿಂತ ಶಿಷ್ಯನ ಬೆರಳ ಗೆಣ್ಣುಗಳನ್ನು ನೋಡುತ್ತಿದ್ದುದೇ ಹೆಚ್ಚು. ಅವು ಬಿಳುಚಿಕೊಂಡವೆಂದರೆ ಇನ್ನು ಎರಡು ಉಸಿರಿನೊಳಗೆ ವಿಮಾನ ಕುಣಿಯಲಿದೆ ಎಂದೇ ಲೆಕ್ಕ. ‘ಕಾಲ್ಬೆರಳು ಆಡಿಸು’ ಎನ್ನುತ್ತಿದ್ದೆ. ಕಾಲ್ಬೆರಳು ಆಡಿಸುತ್ತಾ ಮುಷ್ಟಿ ಬಿಗಿಹಿಡಿಯುವುದು ಕಷ್ಟ. ಭುಜ ಇಳಿಯುತ್ತದೆ, ಕೈ ಸಡಿಲವಾಗುತ್ತದೆ, ವಿಮಾನ ಸುಮ್ಮನಾಗುತ್ತದೆ.

ವರ್ಚುವಲ್ ಸ್ಕ್ವಾಡ್ರನ್‌ನ ಬೋಧಕನಿಗೆ ಈ ಭಾಗ್ಯವಿಲ್ಲ. ಅವನು ಎಷ್ಟೇ ಒಳ್ಳೆಯವನಾದರೂ ಅವನಿಗೆ ಕಾಣುವುದು ನಿಮ್ಮ ವಿಮಾನ ಮಾತ್ರ, ಕೇಳುವುದು ನಿಮ್ಮ ದನಿ ಮಾತ್ರ. ಸಕಲೇಶಪುರದ ಕೋಣೆಯಲ್ಲಿ ಕೂತ ನಿಮ್ಮ ಕೈ, ಭುಜ, ಕಣ್ಣು, ನಿದ್ದೆ ಯಾವುದೂ ಅವನಿಗೆ ತಿಳಿಯದು. ಈ ಬಗೆಯ ತರಬೇತಿಯ ದೊಡ್ಡ ಕೊರತೆ ಇದೇ ಎಂಬುದು ನನ್ನ ಅನುಭವ. ನೀವು ಮಾಡಬೇಕಾದ ಮೊದಲ ಕೆಲಸಕ್ಕೆ ಒಂದು ರೂಪಾಯಿ ಖರ್ಚೂ ಇಲ್ಲ. ಮೊಬೈಲನ್ನು ಪುಸ್ತಕಗಳಿಗೆ ಆನಿಸಿ ನಿಲ್ಲಿಸಿ, ನಿಮ್ಮ ಎರಡೂ ಕೈ ಕಾಣುವಂತೆ ಅಭ್ಯಾಸದ ವಿಡಿಯೊ ಮಾಡಿಕೊಳ್ಳಿ. ಆಮೇಲೆ ಟ್ಯಾಕ್‌ವ್ಯೂ ಜೊತೆಗಿಟ್ಟು ನೋಡಿ. ವಿಮಾನ ಕುಣಿಯಲು ಶುರುವಾದ ಕ್ಷಣಕ್ಕಿಂತ ಮುಂಚೆ ಕೈ ಏನು ಮಾಡಿತು ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಅದನ್ನು ನಿಮ್ಮ ಬೋಧಕರಿಗೂ ಕಳಿಸಿ.

ಕುಣಿತದ ಒಳಗುಟ್ಟು ಹೀಗಿದೆ. ವಿಮಾನ ಕೆಳಗಿಳಿಯಿತು ಎಂದು ಸ್ಟಿಕ್ ಎಳೆಯುತ್ತೀರಿ. ಅದು ಮೇಲೇರಲು ಅರೆಕ್ಷಣ ಬೇಕು. ಆ ಅರೆಕ್ಷಣ ತಡೆಯಲಾರದೆ ಇನ್ನೂ ಎಳೆಯುತ್ತೀರಿ. ಎರಡೂ ಸೇರಿ ವಿಮಾನ ಜಿಗಿಯುತ್ತದೆ. ಗಾಬರಿಯಿಂದ ತಳ್ಳುತ್ತೀರಿ. ನಿಮ್ಮ ಪ್ರತಿಯೊಂದು ತಿದ್ದುಪಡಿಯೂ ಒಂದು ಹೆಜ್ಜೆ ತಡವಾಗಿ, ತಪ್ಪಾದ ದಿಕ್ಕಿಗೆ ಬೀಳುತ್ತಿರುತ್ತದೆ. ಇದು ಪೈಲಟ್ ತಾನೇ ಹುಟ್ಟಿಸಿದ ತೂಗಾಟ. ನಿಜವಾದ ವಿಮಾನಗಳಲ್ಲೂ ಇದೆ, ಅಪಘಾತಗಳೂ ಆಗಿವೆ. ಬಿಡಿಸಿಕೊಳ್ಳುವ ದಾರಿ ಒಂದೇ: ತಿದ್ದುವುದನ್ನು ನಿಲ್ಲಿಸಿ, ಎಂಜಿನ್ ಶಕ್ತಿ ಹೊಂದಿಸುವ ಥ್ರಾಟಲ್ ಕೊಂಚ ಹಿಂದೆ ತೆಗೆದು ನೇರ ಹಿಂದಕ್ಕೆ ಸರಿಯುವುದು. ಮೂರು ಸಲ ಕುಣಿದರೆ ಹಿಂದೆ ಬನ್ನಿ, ನಾಲ್ಕನೆಯದಕ್ಕೆ ಕಾಯಬೇಡಿ. ವರ್ಚುವಲ್ ತರಬೇತಿಯಲ್ಲಿ ಹಿಂದೆ ಸರಿದವನನ್ನು ನಾನು ಎಂದೂ ಫೇಲ್ ಮಾಡಿಲ್ಲ. ಸರಿಯದೆ ಟ್ಯಾಂಕರ್‌ಗೆ ನುಗ್ಗಿದವನನ್ನು ಮಾತ್ರ ಮಾಡಿದ್ದೇನೆ.

ಥ್ರಾಟಲ್‌ನದು ಇನ್ನೊಂದು ಲೆಕ್ಕ. ಇಂಧನ, ಆಯುಧ ಸೇರಿ 15 ಟನ್ ಮೀರುವ ವಿಮಾನ ಅದು. ನೀವು ಶಕ್ತಿ ಹೆಚ್ಚಿಸಿದಾಗ ಎಂಜಿನ್ ಏರಬೇಕು, ಆಮೇಲೆ ಆ ತೂಕ ಕದಲಬೇಕು. ಆದ್ದರಿಂದ ಪ್ರತಿ ತಿದ್ದುಪಡಿಯೂ ಮೂರು ಚಲನೆಯದ್ದು: ಸ್ವಲ್ಪ ಕೊಡಿ, ವಿಮಾನ ಕದಲಿದೊಡನೆ ಕೊಟ್ಟದ್ದಕ್ಕಿಂತ ಹೆಚ್ಚು ತೆಗೆಯಿರಿ, ಕೊನೆಗೆ ಅರ್ಧ ಹಿಂತಿರುಗಿಸಿ. ಹೊಸಬರು ಮೊದಲನೆಯದನ್ನು ಮಾಡುತ್ತಾರೆ, ಉಳಿದೆರಡನ್ನು ಮರೆಯುತ್ತಾರೆ. ಬುಟ್ಟಿ ಸೇರಿದ ಮೇಲೂ ಇದು ಮುಗಿಯುವುದಿಲ್ಲ. ಇಂಧನ ಬಂದಂತೆ ವಿಮಾನ ಭಾರವಾಗುತ್ತದೆ, ಕೊಂಚ ಕೊಂಚ ಶಕ್ತಿ ಸೇರಿಸುತ್ತಲೇ ಇರಬೇಕು. ಹಾರ್ನೆಟ್‌ನ ಕಂಪ್ಯೂಟರ್ ಮೂಗಿನ ಏರಿಳಿತವನ್ನು ತಾನೇ ಸಮತೋಲನ ಮಾಡುತ್ತದೆ. ಆದರೆ ಒಂದೇ ರೆಕ್ಕೆಯಲ್ಲಿ ಬಾಂಬ್ ಉಳಿದಿದ್ದರೆ ಪಕ್ಕದ ವಾಲಿಕೆಯನ್ನು ನೀವೇ ಟ್ರಿಮ್ ಮಾಡಿ ಸರಿದೂಗಿಸಬೇಕು. ನಿಮ್ಮ ಎರಡನೇ ದಾಖಲೆಯಲ್ಲಿ ವಿಮಾನ ಉದ್ದಕ್ಕೂ ಎಡಕ್ಕೆ ವಾಲುತ್ತಿದ್ದುದು ಇದೇ ಕಾರಣಕ್ಕೆ ಇರಬೇಕು, ನೋಡಿಕೊಳ್ಳಿ.

ಈಗ ಒಂದು ಲಕ್ಷ ರೂಪಾಯಿಯ ಪ್ರಶ್ನೆ.

ಇಂಟರ್‌ನೆಟ್ ವಿಳಂಬದ ಮಾತು ಅರ್ಧ ಸತ್ಯ. ನಿಮ್ಮ ಸ್ಟಿಕ್‌ಗೆ ನಿಮ್ಮ ವಿಮಾನ ತೋರುವ ಪ್ರತಿಕ್ರಿಯೆ ನಿಮ್ಮ ಕಂಪ್ಯೂಟರಿನಲ್ಲೇ ಲೆಕ್ಕವಾಗುತ್ತದೆ. ಅದು ಯುರೋಪಿಗೆ ಹೋಗಿ ಬರುವುದಿಲ್ಲ. ವಿಳಂಬ ಒಂದೇ ಸಮನಾಗಿದ್ದರೆ ಟ್ಯಾಂಕರ್ ಕೊಂಚ ಹಳೆಯ ಜಾಗದಲ್ಲಿ, ಆದರೆ ನುಣುಪಾಗಿಯೇ ಕಾಣುತ್ತದೆ. ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯವರು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನಿಯಂತ್ರಿಸುತ್ತಾರೆ. ಅವರ ಸಂಕೇತ ಹೋಗಿ ಬರಲು ಸುಮಾರು ಕಾಲು ಸೆಕೆಂಡು ಬೇಕು. ಆ ಕಾಲು ಸೆಕೆಂಡು ಯಾವಾಗಲೂ ಕಾಲು ಸೆಕೆಂಡೇ ಆಗಿರುವುದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಕೆಲಸ ನಡೆಯುತ್ತದೆ. ಕಾಡುವುದು ಏರುಪೇರು. ವಿಳಂಬ ಕ್ಷಣಕ್ಕೊಂದು ತರ ಆದರೆ ಟ್ಯಾಂಕರ್ ಕಣ್ಣೆದುರೇ ಹಾರಿ ಹಾರಿ ಬೀಳುತ್ತದೆ. ಮಲೆನಾಡಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಹಾರಿಸುವವರಿಗೆ ಇದು ನಿತ್ಯದ ಗೋಳು. ನೀವು ಫೈಬರ್ ಸಂಪರ್ಕದಲ್ಲಿದ್ದೀರಿ. ವೈಫೈ ಬಿಟ್ಟು ಕಂಪ್ಯೂಟರಿಗೆ ನೇರ ತಂತಿ ಹಾಕಿ. ಪರೀಕ್ಷಿಸುವುದೂ ಸುಲಭ. ಇಂಟರ್‌ನೆಟ್ ಕಿತ್ತು, ಒಬ್ಬರೇ ಹಾರುವ ಮಿಷನ್‌ನಲ್ಲಿ ಟ್ಯಾಂಕರ್ ಇಟ್ಟು ಹಾರಿಸಿ ನೋಡಿ. ಅಲ್ಲೂ ಕುಣಿದರೆ ಯುರೋಪಿನ ತಪ್ಪಿಲ್ಲ.

ಜಾಯ್‌ಸ್ಟಿಕ್ ಬಗ್ಗೆ. ನಿಮ್ಮಲ್ಲಿರುವ ಥ್ರಸ್ಟ್‌ಮಾಸ್ಟರ್ ಟಿ.16000ಎಂ ಸಾಕು. ಅದರ ಸ್ಟಿಕ್‌ನೊಳಗೆ ಆಯಸ್ಕಾಂತದ ಹಾಲ್ ಸೆನ್ಸರ್ ಇದೆ, ಸವೆಯುವ ಪೊಟೆನ್ಶಿಯೊಮೀಟರ್ ಅಲ್ಲ. ಅದರ ಕೊರತೆ ನಿಖರತೆಯಲ್ಲಿಲ್ಲ, ಗಾತ್ರದಲ್ಲಿದೆ. ಮೇಜಿನ ಮೇಲಿನ ಗಿಡ್ಡ ಸ್ಟಿಕ್‌ನಲ್ಲಿ ಕೈಯ ಸಣ್ಣ ಚಲನೆಯೂ ದೊಡ್ಡದಾಗುತ್ತದೆ. ಸೆಟ್ಟಿಂಗ್‌ನಲ್ಲಿ ಪಿಚ್ (ಮೂಗಿನ ಏರಿಳಿತ) ಮತ್ತು ರೋಲ್‌ಗೆ (ಪಕ್ಕದ ವಾಲಿಕೆ) 15ರಿಂದ 20ರಷ್ಟು ಕರ್ವ್ ಕೊಟ್ಟರೆ ನಡುವಿನ ಭಾಗ ಮೃದುವಾಗುತ್ತದೆ. ಅದಕ್ಕಿಂತ ಹೆಚ್ಚು ಬೇಡ. ನಡುವೆ ಮೃದು, ಅಂಚಿನಲ್ಲಿ ಒರಟು ಎಂಬ ಎರಡು ಸ್ವಭಾವ ಬಂದು ಡಾಗ್‌ಫೈಟ್‌ನಲ್ಲಿ ಕೈಕೊಡುತ್ತದೆ. ಡೆಡ್‌ಝೋನ್, ಅಂದರೆ ಸ್ಟಿಕ್ ಅಲುಗಿದರೂ ಲೆಕ್ಕಕ್ಕೆ ಬಾರದ ನಡುಭಾಗ, ಸೊನ್ನೆ ಇರಲಿ. ನನಗೆ ನಿಜವಾದ ಅನುಮಾನ ಇರುವುದು ನಿಮ್ಮ ಥ್ರಾಟಲ್ ಮೇಲೆ. ಜಾರುವ ಹಳಿಯ ಥ್ರಾಟಲ್‌ಗಳು ನಮ್ಮ ಕಡೆಯ ತೇವ, ಧೂಳಿಗೆ ಬಿಗಿಯಾಗುತ್ತವೆ. ಕೂದಲೆಳೆಯಷ್ಟು ಸರಿಸಲು ಹೋದರೆ ಮೊದಲು ಅಲುಗುವುದಿಲ್ಲ, ಆಮೇಲೆ ತಟಕ್ಕನೆ ಬೆರಳಗಲ ಜಾರುತ್ತದೆ. 3 ನಾಟ್ ಹೊಂದಿಸಲು ಕೂತವನಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಒಣಬಟ್ಟೆಯಲ್ಲಿ ಹಳಿ ಒರೆಸಿ, ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಮನೆಯಲ್ಲಿದೆ ಎಂದು ತೆಂಗಿನೆಣ್ಣೆ ಹಾಕಬೇಡಿ, ಧೂಳು ಹಿಡಿದು ಅಂಟಾಗುತ್ತದೆ.

ವಿಆರ್ ಹೆಡ್‌ಸೆಟ್‌ನಿಂದ ಆಳದ ಅರಿವು ಬರುತ್ತದೆ, ಫಾರ್ಮೇಷನ್ ಸುಲಭವಾಗುತ್ತದೆ. ಅದು ಸುಳ್ಳಲ್ಲ. ಆದರೆ ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಚಿತ್ರ ತಡವರಿಸಿ ವಾಕರಿಕೆ ತರಿಸುತ್ತದೆ. ಈಗಾಗಲೇ ನೋಯುತ್ತಿರುವ ಕುತ್ತಿಗೆಯ ಮೇಲೆ ಇನ್ನೂ ಅರ್ಧ ಕಿಲೊ ಹೊರಿಸಿದಂತೆಯೂ ಆಗುತ್ತದೆ. ಆ ನೋವು ಒಂದು ತಿಂಗಳಾದರೂ ಉಳಿದರೆ, ಅಥವಾ ಕೈಗೆ ಜೋಮು ಹಿಡಿದರೆ, ಮೊದಲು ವೈದ್ಯರಿಗೆ ತೋರಿಸಿ. ಹೆಡ್‌ಸೆಟ್ ಬದಲು ತಲೆಯ ಚಲನೆ ಗುರುತಿಸುವ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶವನ್ನು ಸಾಧಾರಣ ವೆಬ್‌ಕ್ಯಾಮ್ ಜೊತೆ ಹೊಂದಿಸಿಕೊಂಡರೆ ಸದ್ಯಕ್ಕೆ ಧಾರಾಳ ಸಾಕು. ಪರದೆ ಕಣ್ಣಿನ ಮಟ್ಟಕ್ಕಿರಲಿ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಒಳ್ಳೆಯ ಯುಪಿಎಸ್ ಕೊಳ್ಳಿ. ನಿಮ್ಮ ಕಡೆಯ ಕರೆಂಟ್ ನನಗೆ ಗೊತ್ತು.

ಇಷ್ಟು ಹೇಳಿಯೂ, ನಿಮ್ಮ ಸೋಲಿನ ಅತಿದೊಡ್ಡ ಕಾರಣವನ್ನು ನಾನಿನ್ನೂ ಹೇಳಿಲ್ಲ. ಜರ್ಮನಿಯ ರಾತ್ರಿ 8 ಗಂಟೆ ಎಂದರೆ ಚಳಿಗಾಲದಲ್ಲಿ ನಮಗೆ ರಾತ್ರಿ 12.30. ಪರೀಕ್ಷೆಗಳೆಲ್ಲ ನವೆಂಬರ್‌ನಿಂದೀಚೆಗೆ ನಡೆದಿವೆ. ಅಂದರೆ ಅರೇಬಿಕಾ ಕೊಯ್ಲಿನ ಕಾಲ. ಬೆಳಗ್ಗೆ ಐದೂವರೆಗೆ ಎದ್ದು, ಆಳುಗಳನ್ನು ತೋಟಕ್ಕೆ ಹಚ್ಚಿ, ಹಣ್ಣು ತೂಗಿ, ಪಲ್ಪರ್ ನೋಡಿ, ಕಣದಲ್ಲಿ ಕಾಫಿ ಹರವಿಸಿ, ಹತ್ತೊಂಬತ್ತು ಗಂಟೆ ಎಚ್ಚರವಿದ್ದ ಮೇಲೆ ನೀವು ಟ್ಯಾಂಕರ್‌ನ ಹಿಂದೆ ಹೋಗಿದ್ದೀರಿ. ದಣಿದವನಿಗೆ ಮೊದಲು ಕೈಕೊಡುವುದು ಈ ಬಗೆಯ ಸೂಕ್ಷ್ಮ ಕೆಲಸವೇ. ಬಾಂಬ್ ಹಾಕಬಲ್ಲಿರಿ, ರೇಡಿಯೊದಲ್ಲಿ ಮಾತಾಡಬಲ್ಲಿರಿ, ಆದರೆ ಕೊನೆಯ 10 ಮೀಟರ್ ಹಿಡಿಯಲಾರಿರಿ. ಈ ಸ್ಥಿತಿಯಲ್ಲಿ ಬಂದ ಶಿಷ್ಯನನ್ನು ನಾನು ವಿಮಾನ ಹತ್ತಲು ಬಿಡುತ್ತಿರಲಿಲ್ಲ, ಮೆಸ್‌ಗೆ ಹೋಗಿ ಮಲಗು ಎಂದು ಕಳಿಸುತ್ತಿದ್ದೆ. ನಿಮ್ಮ ಬೋಧಕರಿಗೆ ಇದು ತಿಳಿದಿಲ್ಲ, ಏಕೆಂದರೆ ನೀವು ಹೇಳಿಲ್ಲ.

ನಿಮ್ಮ ಮುಂದೆ ಕೆಲವು ದಾರಿಗಳಿವೆ. ಭಾರತದ ಸಮಯಕ್ಕೆ ಹಾರುವ ಗುಂಪಿಗೆ ಬದಲಾಗಬಹುದು; ನಿದ್ದೆ ಉಳಿಯುತ್ತದೆ, ಆದರೆ ಒಂದು ವರ್ಷ ಬೆಳೆದ ಸ್ನೇಹ ಮತ್ತು ಶಿಸ್ತು ಮತ್ತೆ ಮೊದಲಿನಿಂದ ಶುರು. ಪರೀಕ್ಷೆಯಿಂದ ವಿನಾಯಿತಿ ಕೇಳಬಹುದು. ಕೊಟ್ಟಾರು, ಆದರೆ ದೂರದ ಕಾರ್ಯಾಚರಣೆಯಲ್ಲಿ ಇಂಧನ ಮುಗಿದು ಜೊತೆಯವರನ್ನು ಬಿಟ್ಟು ಮರಳಬೇಕಾದಾಗ ನಿಮಗೇ ಕಹಿಯಾಗುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಪರೀಕ್ಷೆಯನ್ನು ಮುಂದೂಡಿ ಅಭ್ಯಾಸವನ್ನು ಬೆಳಗಿಗೆ ತರುತ್ತಿದ್ದೆ. ಭಾನುವಾರ ಬೆಳಗ್ಗೆ, ಕಾಫಿ ಕುಡಿದಾದ ಮೇಲೆ, 30 ನಿಮಿಷ, ಒಬ್ಬರೇ. ಮೊದಲ ಎರಡು ವಾರ ಬುಟ್ಟಿಯನ್ನು ಮುಟ್ಟಲೇಬೇಡಿ. ಅದರ ಹಿಂದೆ 5 ಮೀಟರ್ ದೂರದಲ್ಲಿ ನಿಂತು, ಟ್ಯಾಂಕರ್ ತಿರುಗಿದಾಗ ಅದರ ರೆಕ್ಕೆಗೆ ನಿಮ್ಮ ರೆಕ್ಕೆ ಸಮವಾಗಿಟ್ಟು, ಹತ್ತು ನಿಮಿಷ ಅಲ್ಲೇ ಇರಿ. ಇದು ಬೇಸರದ ಕೆಲಸ ಎಂದು ಬಲ್ಲೆ. ಆದರೆ ಅಲ್ಲಿ ನಿಲ್ಲಬಲ್ಲವನಿಗೆ ಉಳಿದ 5 ಮೀಟರ್ ಒಂದು ಸಂಗತಿಯೇ ಅಲ್ಲ.

ಅಣ್ಣನ ಮಗಳ ವಿಷಯ. ಮೊದಲಿಗೆ, ಅವಳ ಆಸೆಗೆ ಈಗ ದಾರಿ ತೆರೆದಿದೆ. 2016ರಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ನಮ್ಮ ಮೊದಲ ಮಹಿಳಾ ಫೈಟರ್ ಪೈಲಟ್‌ಗಳಾದರು. ನಮ್ಮದೇ ಬೀದರಿನಲ್ಲಿ ಹಾಕ್ ತರಬೇತಿ ವಿಮಾನದ ಮೇಲೆ ಪಳಗಿದವರು. 2022ರಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೂ (ಎನ್‌ಡಿಎ) ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದ್ದಾರೆ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರಬೇಕು. ಸಿಮ್ಯುಲೇಟರ್‌ನ ಗಂಟೆಗಳಿಗೆ ಆಯ್ಕೆಯಲ್ಲಿ ಅಂಕವಿಲ್ಲ. ಮೈಸೂರಿನಲ್ಲಿ ವಾಯುಪಡೆಯ ಆಯ್ಕೆ ಮಂಡಳಿ ಇದೆ. ಪೈಲಟ್ ಆಗಬಯಸುವವರಿಗೆ ಕಂಪ್ಯೂಟರ್ ಆಧಾರಿತ ಸಹಜ ಸಾಮರ್ಥ್ಯದ ಪರೀಕ್ಷೆಯೊಂದಿದ್ದು, ಅದನ್ನು ಜೀವನದಲ್ಲಿ ಒಮ್ಮೆ ಮಾತ್ರ ಬರೆಯಬಹುದು, ಸೋತರೆ ಮತ್ತೆ ಅವಕಾಶವಿಲ್ಲ. ಆದ್ದರಿಂದ ನೋಡಿಬರೋಣ ಎಂದು ಹೋಗುವಂಥದ್ದಲ್ಲ ಅದು.

ನಿಮ್ಮ ಪಕ್ಕ ಕೂತು ಅವಳು ಕಲಿಯಬಹುದಾದದ್ದು ಬಹಳ: ಚೆಕ್‌ಲಿಸ್ಟ್‌ನ ಶಿಸ್ತು, ರೇಡಿಯೊದಲ್ಲಿ ಚುಟುಕಾಗಿ ಮಾತಾಡುವುದು, ಹಾರಾಟದ ನಂತರ ತನ್ನ ತಪ್ಪನ್ನು ತಾನೇ ಎತ್ತಿ ಹೇಳುವ ಡಿಬ್ರೀಫಿಂಗ್. ಕಲಿಯಲಾಗದ್ದು ದೇಹದ ಭಾಗ. 7 ಜಿ, ಅಂದರೆ ಗುರುತ್ವಾಕರ್ಷಣೆಯ ಏಳು ಪಟ್ಟು ಒತ್ತಡದ ತಿರುವಿನಲ್ಲಿ 5 ಕಿಲೊದ ತಲೆ 35 ಕಿಲೊ ತೂಗುತ್ತದೆ, ಕಣ್ಣು ಮಂಜಾಗುತ್ತದೆ. ಅದನ್ನು ತಾಳುವ ಅಭ್ಯಾಸಕ್ಕೆಂದೇ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ಮನುಷ್ಯನನ್ನು ಕೂರಿಸಿ ಗಿರಗಿರನೆ ತಿರುಗಿಸುವ ದೈತ್ಯ ಸೆಂಟ್ರಿಫ್ಯೂಜ್ ಯಂತ್ರ ಇದೆ. ಒಂದು ಎಚ್ಚರಿಕೆಯೂ ಉಂಟು. ಸಿಮ್ಯುಲೇಟರ್‌ನಲ್ಲೇ ಬೆಳೆದವರು ಮೊದಲ ನಿಜ ಹಾರಾಟದಲ್ಲಿ ಹೊರಗಿನ ದಿಗಂತ ಬಿಟ್ಟು ಒಳಗಿನ ಮೀಟರುಗಳನ್ನೇ ನೋಡುತ್ತಾರೆ. ಬಿಡಿಸಲು ಬೋಧಕನಿಗೆ ವಾರಗಳು ಬೇಕು. ಅವಳಿಗೆ ಜಾಯ್‌ಸ್ಟಿಕ್ ಕೊಡಿಸುವ ಮುಂಚೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದು ದೃಷ್ಟಿ ಮತ್ತು ಬಣ್ಣದ ಗುರುತಿಸುವಿಕೆ ಪರೀಕ್ಷಿಸಿ. ಎತ್ತರ, ಕಾಲಿನ ಉದ್ದಕ್ಕೂ ಮಿತಿಗಳಿವೆ. ಇವು ಮೊದಲೇ ಗೊತ್ತಿದ್ದರೆ ಮಗು ಎರಡು ವರ್ಷ ಕನಸು ಕಟ್ಟಿ ಬಾಗಿಲಲ್ಲಿ ಕಣ್ಣೀರು ಹಾಕುವುದು ತಪ್ಪುತ್ತದೆ.

ನಿಮ್ಮ ಪರೀಕ್ಷೆಯ ಹೊಸ ದಿನಾಂಕವನ್ನು ಏಪ್ರಿಲ್‌ಗೆ ಕೇಳಿ. ಮಾರ್ಚ್‌ನ ಕೊನೆಯ ಭಾನುವಾರ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನಿಮ್ಮ ತರಬೇತಿ ರಾತ್ರಿ 11.30ಕ್ಕೆ ಬರುತ್ತದೆ. ಅಷ್ಟರಲ್ಲಿ ರೋಬಸ್ಟಾ ಕೊಯ್ಲೂ ಮುಗಿದಿರುತ್ತದೆ. ಆ ದಿನ ಮಧ್ಯಾಹ್ನ ಎರಡು ಗಂಟೆ ಮಲಗಿ ಎದ್ದು ಹಾರಿ. ಕೈಗಳ ವಿಡಿಯೊ ಮಾಡಿದರೆ ನನಗೂ ಒಂದು ಪ್ರತಿ ಕಳಿಸಿ.